ಸುಂಕದವನ ಲೆಕ್ಕ, ಮನೆಯ ಬಿಯರು

ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಕಾನೂನಿನ ಅಡ್ಡಿಯಿಲ್ಲದ ದೇಶಗಳಲ್ಲಿ ಆ ಹವ್ಯಾಸಕ್ಕೆ ಬೇಕಾದಷ್ಟು ಕೈಪಿಡಿಗಳಿವೆ. ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದು ಪುಟ್ಟ ಪಟ್ಟಿ ಇರುತ್ತದೆ. ಒಂದು ಕಿಲೋ ಮಾಮೂಲಿ ಬಾರ್ಲಿ ಮಾಲ್ಟ್ ಹಾಕಬೇಕಾದ ಕಡೆ ಕಾಳು ಸಿಗದಿದ್ದರೆ ಸುಮಾರು 750 ಗ್ರಾಂ ಮಾಲ್ಟ್ ಪಾಕ ಹಾಕಿ, ಪಾಕವೂ ಇಲ್ಲದಿದ್ದರೆ ಸುಮಾರು 600 ಗ್ರಾಂ ಮಾಲ್ಟ್ ಪುಡಿ ಸಾಕು ಎಂದು ಅದು ಹೇಳುತ್ತದೆ. ಬಾರ್ಲಿಗೆ ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್. ಅದನ್ನು ಒಡೆದು ಬಿಸಿನೀರಿನಲ್ಲಿ ಒಂದು ಗಂಟೆ ಬಿಟ್ಟು ಸಿಹಿನೀರನ್ನು ಬಸಿದುಕೊಳ್ಳಬೇಕು. ಈ ಕೆಲಸವನ್ನೆಲ್ಲ ಕಾರ್ಖಾನೆಯಲ್ಲೇ ಮುಗಿಸಿ, ಆ ನೀರನ್ನು ಇಂಗಿಸಿ ಡಬ್ಬಿಗೆ ತುಂಬಿದ್ದು ಪಾಕ, ಪೂರ್ತಿ ಒಣಗಿಸಿದ್ದು ಪುಡಿ. ಪಟ್ಟಿಯನ್ನು ನೋಡಿದರೆ ತಲೆಮಾರುಗಳ ಕೈಯನುಭವ ಕಟ್ಟಿಕೊಟ್ಟ ಅಳತೆಯ ಹಾಗೆ ಕಾಣುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಬಿಯರಿನ ಒಂದು ಸಾಮಗ್ರಿಗೆ ಇನ್ನೊಂದು ಎಷ್ಟು ಸಮ ಎಂಬ ಲೆಕ್ಕವನ್ನು ಗಟ್ಟಿ ಮಾಡಿದ್ದರಲ್ಲಿ ಬಿಯರ್ ಕಾಯಿಸುವವನಿಗಿಂತ ಸುಂಕದವನ ಪಾಲು ದೊಡ್ಡದು. ಸುಂಕ ಹಾಕಲು ಬಿಯರಿನ ಒಂದೇ ಗುಣ ಅಳೆದರೆ ಸಾಕಿತ್ತು, ಲೆಕ್ಕದಲ್ಲಿ ಆ ಒಂದು ಗುಣವೇ ಉಳಿಯಿತು. ಕಾಳಿನ ಬದಲು ಪಾಕ ಹಾಕಿದವನ ಬಿಯರು ಕೆಲವೊಮ್ಮೆ ಸರಿಯಾಗಿ, ಕೆಲವೊಮ್ಮೆ ಸಪ್ಪೆಯಾಗಿ ಬರುವುದೇಕೆ ಎಂಬುದಕ್ಕೆ ಉತ್ತರ ಈ ಚರಿತ್ರೆಯಲ್ಲಿದೆ.

ಇಂಗ್ಲೆಂಡಿನಲ್ಲಿ ಮಾಲ್ಟಿನ ಮೇಲೆ ಸುಂಕ ಬಿದ್ದದ್ದು 1697ರಲ್ಲಿ. ಕಾಳಿನ ಮೇಲೆಯೇ ಸುಂಕ ಎಂದಮೇಲೆ ಅಷ್ಟೇ ಕಾಳಿನಿಂದ ಹೆಚ್ಚು ಸಿಹಿ ಹಿಂಡಿದವನು ಗೆದ್ದ. ಆದರೆ ಎಷ್ಟು ಹಿಂಡಿದೆವು ಎಂದು ತಿಳಿಯುವುದು ಹೇಗೆ? ಹದಿನೆಂಟನೆಯ ಶತಮಾನದ ಬಹುಭಾಗ ನಾಲಿಗೆ ಮತ್ತು ಕಣ್ಣೇ ಅದಕ್ಕೆ ಸಾಧನ. ನೀರಿಗಿಂತ ಸಿಹಿನೀರು ಎಷ್ಟು ಭಾರ ಎಂದು ತೋರಿಸುವ ತೇಲುಕಡ್ಡಿಯನ್ನು, ಅಂದರೆ ಸ್ಯಾಕರೋಮೀಟರನ್ನು, ಬಿಯರ್ ತಯಾರಕರಿಗೆ ಪರಿಚಯಿಸಿ ಅದರ ಲೆಕ್ಕಾಚಾರವನ್ನು ಜಾನ್ ರಿಚರ್ಡ್‌ಸನ್ 1784ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಕಡ್ಡಿ ಮುಳುಗಿಸಿ ನೋಡಿದಾಗ ಲಂಡನ್ನಿನ ಹೆಸರಾಂತ ಪೋರ್ಟರ್ ಬಿಯರಿನ ಕಾರ್ಖಾನೆಗಳಲ್ಲಿ ಒಂದು ಮುಜುಗರದ ಸತ್ಯ ಹೊರಬಿತ್ತು. ಪೋರ್ಟರಿಗೆ ಜೀವವಾಗಿದ್ದ ಕಂದು ಮಾಲ್ಟ್ ಬೆಲೆಯಲ್ಲಿ ಅಗ್ಗವಾಗಿ ಕಂಡರೂ ಅದರಿಂದ ಬರುವ ಸಿಹಿ ತೀರಾ ಕಡಿಮೆ. ತೆಳುಬಣ್ಣದ ಮಾಲ್ಟಿಗೆ ಕೊಟ್ಟ ದುಡ್ಡಿಗೆ ಸಿಗುವ ಸಿಹಿಯೇ ಹೆಚ್ಚು. ತಯಾರಕರು ಒಬ್ಬೊಬ್ಬರಾಗಿ ತೆಳು ಮಾಲ್ಟಿನ ಕಡೆ ಸರಿದರು. ಬಣ್ಣ ಕಡಿಮೆಯಾದಾಗ ಸುಟ್ಟ ಸಕ್ಕರೆ ಬೆರೆಸಿದರು. 1816ರಲ್ಲಿ ಸರ್ಕಾರ ಬಿಯರಿಗೆ ಸಕ್ಕರೆಯನ್ನೂ ಬಣ್ಣವನ್ನೂ ನಿಷೇಧಿಸಿತು, ಏಕೆಂದರೆ ಸಕ್ಕರೆ ಹಾಕಿದಷ್ಟೂ ಮಾಲ್ಟಿನ ಸುಂಕ ಖೋತಾ. ಮರುವರ್ಷವೇ ಡೇನಿಯಲ್ ವೀಲರ್ ಎಂಬವನು ತಿರುಗುವ ಪೀಪಾಯಿಯಲ್ಲಿ ಮಾಲ್ಟನ್ನು ಕಪ್ಪಗೆ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಚಿಟಿಕೆ ಕಪ್ಪು ಮಾಲ್ಟ್, ಉಳಿದದ್ದೆಲ್ಲ ತೆಳು ಮಾಲ್ಟ್, ಮೇಲೆ ಪೋರ್ಟರ್ ಎಂಬ ಅದೇ ಹಳೆಯ ಹೆಸರು. ಪೋರ್ಟರಿನ ಕುಲದ್ದೇ ಆದ ಸ್ಟೌಟ್ ಬಿಯರನ್ನು ಇಂದು ಕುಡಿಯುವವರು ಸಂಪ್ರದಾಯವೆಂದು ಮೆಚ್ಚುವ ಆ ಸುಟ್ಟ ಕಹಿ ಮೂಲತಃ ಒಂದು ಅದಲುಬದಲು. ಒಂದು ಅಳತೆಯ ಕಡ್ಡಿ, ಒಂದು ಸುಂಕದ ಕಾಯಿದೆ ಸೇರಿ ಅದನ್ನು ಹುಟ್ಟಿಸಿದವು.

1847ರಲ್ಲಿ ಸಕ್ಕರೆಗೆ ಮತ್ತೆ ಅನುಮತಿ ಸಿಕ್ಕಿತು. ಆದರೆ ಲೆಕ್ಕ ಪೂರ್ತಿ ತಿರುಗಿದ್ದು 1880ರಲ್ಲಿ. ಪ್ರಧಾನಿ ಗ್ಲಾಡ್‌ಸ್ಟನ್ ಮಾಲ್ಟ್ ಸುಂಕವನ್ನು ರದ್ದು ಮಾಡಿ, ಹುದುಗು ಹಾಕುವ ಮುಂಚಿನ ಸಿಹಿನೀರಿನ ಸಾಂದ್ರತೆಯ ಮೇಲೆ ಸುಂಕ ಕಟ್ಟಿದ. ಯಾವ ಧಾನ್ಯ, ಯಾವ ಸಕ್ಕರೆ ಬೇಕಾದರೂ ಹಾಕಿಕೊಳ್ಳಿ, ಕಡ್ಡಿ ಎಷ್ಟು ತೋರಿಸುತ್ತದೋ ಅಷ್ಟಕ್ಕೆ ಕೊಡಿ ಎಂಬುದು ಹೊಸ ನಿಯಮ. ಆದರೂ ತಯಾರಕ ಒಂದಿಷ್ಟು ಸಿಹಿನೀರನ್ನು ಅಧಿಕಾರಿಯ ಕಣ್ಣುತಪ್ಪಿಸಿ ಸಾಗಿಸಿಬಿಟ್ಟರೆ? ಅದಕ್ಕೆಂದು ಕಾಯಿದೆಯೊಳಗೇ ಇನ್ನೊಂದು ಅಳತೆ ಸೇರಿತು. 42 ಪೌಂಡ್ ಮಾಲ್ಟ್ ಅಥವಾ ಬೇರಾವುದೇ ಧಾನ್ಯ ಬುಷೆಲ್ ಎಂಬ ಧಾನ್ಯದ ಅಳತೆ ಒಂದಕ್ಕೆ ಸಮ, 28 ಪೌಂಡ್ ಸಕ್ಕರೆಯೂ ಒಂದು ಬುಷೆಲ್ಲಿಗೆ ಸಮ, ಅಂಥ ಎರಡು ಬುಷೆಲ್ ಬಳಸಿದವನು 1057 ಸಾಂದ್ರತೆಯ 36 ಗ್ಯಾಲನ್ ಸಿಹಿನೀರು ತೆಗೆದನೆಂದೇ ಭಾವಿಸತಕ್ಕದ್ದು. ಮೂರು ಪಾಲು ಕಾಳಿಗೆ ಎರಡು ಪಾಲು ಸಕ್ಕರೆ. ಇಂದಿನ ಹವ್ಯಾಸಿಯ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಎರಡರ ಕಟ್ಟಡವೂ ಒಂದೇ. ಎಡಗಡೆ ಸಾಮಗ್ರಿ, ಬಲಗಡೆ ಅದಕ್ಕೆ ಸಮನಾದ ತೂಕ, ನಡುವೆ ಸೇತುವೆಯಾಗಿ ನಿಂತದ್ದು ಸಾಂದ್ರತೆ. ಕಾಯಿದೆ ಬರೆದವರಿಗೆ ಬಿಯರ್ ಕಾಯಿಸಲು ಬರುತ್ತಿರಲಿಲ್ಲ ಎಂದೇನಲ್ಲ. ಒಳ್ಳೆಯ ಕಾರ್ಖಾನೆ ಮಾಲ್ಟಿನಿಂದ ಎಷ್ಟು ಹಿಂಡಬಲ್ಲದು ಎಂಬ ಅವರ ಅಂದಾಜು ಇವತ್ತಿನ ಲೆಕ್ಕಕ್ಕೂ ಹೊಂದುತ್ತದೆ. ಆದರೆ ಅವರಿಗೆ ಬೇಕಾಗಿದ್ದದ್ದು ಸಾಂದ್ರತೆ ಮಾತ್ರ. ಬಾಯಿಗೆ ಹೇಗನ್ನಿಸುತ್ತದೆ, ನೊರೆ ನಿಲ್ಲುತ್ತದೆಯೇ, ಯೀಸ್ಟಿಗೆ ಸಾಕಷ್ಟು ಸಾರಜನಕ ಸಿಗುತ್ತದೆಯೇ ಎಂದು ವಿಚಾರಿಸುವುದು ಅಬಕಾರಿ ಅಧಿಕಾರಿಯ ಕೆಲಸವಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಫಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಬ್ರಿಟನ್ನಿನವರು ದುಡ್ಡಿನ ಲೆಕ್ಕದಲ್ಲಿ ಬಿಯರನ್ನು ಕೆಡಿಸಿಕೊಂಡರು ಸರಿ, ಆದರೆ ಜರ್ಮನರು ಬಾರ್ಲಿ, ಕಹಿಗೆ ಹಾಕುವ ಹಾಪ್ಸ್ ಹೂ, ನೀರು ಬಿಟ್ಟು ಬೇರೇನನ್ನೂ ಮುಟ್ಟದೆ ಶುದ್ಧವಾಗಿ ಉಳಿಸಿಕೊಂಡರಲ್ಲ, ಅಲ್ಲಿ ಸುಂಕದವನೆಲ್ಲಿ ಬಂದ? ಆ ಶುದ್ಧತೆಗೆ ಮೂಲವೆನ್ನುವ, 1516ರಲ್ಲಿ ಬವೇರಿಯಾದ ಇಂಗೋಲ್‌ಸ್ಟಾಟ್‌ನಲ್ಲಿ ಹೊರಟ ಆ ಪ್ರಸಿದ್ಧ ಆಜ್ಞೆಯ ಹೆಚ್ಚಿನ ಭಾಗ ಬಿಯರಿನ ಬೆಲೆಯ ಬಗ್ಗೆ. ಸಾಮಗ್ರಿಯ ಮಾತು ನಡುವೆ ಒಂದು ಕಡೆ ಬರುತ್ತದೆ. ಮುಂದೆ 1602ರಿಂದ ಗೋಧಿ ಬಿಯರ್ ಮಾಡುವ ಹಕ್ಕನ್ನು ಬವೇರಿಯಾದ ಅರಸರೇ ತಮ್ಮ ಕೈಯಲ್ಲಿಟ್ಟುಕೊಂಡು ಬೊಕ್ಕಸ ತುಂಬಿಸಿಕೊಂಡರು. ಪ್ರಜೆಗಳಿಗೆ ಬಾರ್ಲಿ, ದೊರೆಗೆ ಗೋಧಿ. 1906ರಲ್ಲಿ ಉತ್ತರ ಜರ್ಮನಿಗೂ ಈ ಶುದ್ಧತೆ ಹಬ್ಬಿದಾಗ ಅದು ಬಂದದ್ದು ಬಿಯರ್ ತೆರಿಗೆಯ ಕಾನೂನಿನ ಒಳಗೆ. ಅದರಲ್ಲೂ ಮೇಲ್ಭಾಗದಲ್ಲಿ ಹುದುಗುವ ಬಗೆಯ ಬಿಯರಿಗೆ ಸಕ್ಕರೆಯ ವಿನಾಯಿತಿ ಇತ್ತು. ಶುದ್ಧತೆ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಬೊಕ್ಕಸದ ಹಾದಿ ಬಿಟ್ಟು ಅದಕ್ಕೆ ಬೇರೆ ಹಾದಿ ಇರಲಿಲ್ಲ ಎಂದಷ್ಟೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇಂಗ್ಲೆಂಡಿನೊಳಗೇ ಹುಟ್ಟಿತು. 1880ರ ನಂತರ ಬಾರ್ಲಿ ಬೆಳೆಗಾರರೂ ಅವರ ಪರವಾದ ಸಂಸತ್ ಸದಸ್ಯರೂ ಶುದ್ಧ ಬಿಯರಿನ ಮಸೂದೆಗಳನ್ನು ಮತ್ತೆ ಮತ್ತೆ ತಂದರು. ಸರ್ಕಾರ ಒಂದು ಸಮಿತಿ ಮಾಡಿತು, ಬದಲಿ ಸಾಮಗ್ರಿಗಳನ್ನು ನಿಷೇಧಿಸಲು ಕಾರಣವಿಲ್ಲವೆಂದು 1899ರಲ್ಲಿ ಅದರ ಬಹುಮತದ ವರದಿ ಬಂತು. ಮರುವರ್ಷವೇ ಮ್ಯಾಂಚೆಸ್ಟರ್ ಸುತ್ತಮುತ್ತ ಬಿಯರ್ ಕುಡಿದ ಬಡವರ ಕೈಕಾಲು ಜೋಮು ಹಿಡಿದು, ಚರ್ಮ ಕಪ್ಪಾಗಿ, 6000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಸುಮಾರು 70 ಮಂದಿ ಸತ್ತರು. ಮೊದಮೊದಲು ವೈದ್ಯರು ಇದನ್ನು ಕುಡುಕರ ನರರೋಗವೆಂದೇ ಬಗೆದರು. ಕೊನೆಗೆ ಸಿಕ್ಕಿದ್ದು ಆರ್ಸೆನಿಕ್. ಬಿಯರಿಗೆ ಹಾಕುವ ಸಕ್ಕರೆ ತಯಾರಿಸಲು ಬಳಸಿದ ಗಂಧಕಾಮ್ಲದಲ್ಲಿ ಅದಿರಿನಿಂದ ಬಂದ ವಿಷ ಉಳಿದಿತ್ತು. ಶುದ್ಧವಾದಿಗಳಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆದರೆ ಲಾರ್ಡ್ ಕೆಲ್ವಿನ್ ಅಧ್ಯಕ್ಷತೆಯ ಆಯೋಗ ವಿಚಾರಣೆ ನಡೆಸಿದಾಗ, ಕಲ್ಲಿದ್ದಲ ಹೊಗೆಯಲ್ಲಿ ಒಣಗಿದ ಅಪ್ಪಟ ಮಾಲ್ಟಿನಲ್ಲೂ ಒಂದಿಷ್ಟು ಆರ್ಸೆನಿಕ್ ಇರುತ್ತದೆಂದು ಗೊತ್ತಾಯಿತು. ತಪ್ಪು ಸಕ್ಕರೆಯದಲ್ಲ ಎಂದು ಕೈತೊಳೆದುಕೊಳ್ಳುವುದು ಸುಲಭ, ಅದು ಅರ್ಧ ನ್ಯಾಯ. ಎರಡು ಸರಕುಗಳನ್ನು ಒಂದೇ ಅಂಕಿಯಲ್ಲಿ ಸಮ ಎಂದು ಬರೆದುಕೊಂಡವರು ಆ ಅಂಕಿಯ ಆಚೆ ಏನು ಬರುತ್ತಿದೆ ಎಂದು ನೋಡುವುದನ್ನೇ ಬಿಟ್ಟಿದ್ದರು. ಮ್ಯಾಂಚೆಸ್ಟರಿನ ಸಾವುಗಳಿಂದ ನಾನು ತೆಗೆಯುವ ಪಾಠ ಬದಲಿ ಸಾಮಗ್ರಿಯ ವಿರುದ್ಧವಲ್ಲ, ಒಂದೇ ಕಣ್ಣಿನ ಅಳತೆಯ ವಿರುದ್ಧ.

ಅಮೆರಿಕದಲ್ಲಿ ಒತ್ತಡ ಸುಂಕದ್ದಕ್ಕಿಂತ ಹೆಚ್ಚಾಗಿ ಕಾಳಿನದೇ. ಅಲ್ಲಿನ ಆರು ಸಾಲಿನ ಬಾರ್ಲಿಯಲ್ಲಿ ಪ್ರೋಟೀನ್ ಜಾಸ್ತಿ, ಬಿಯರು ಮಬ್ಬಾಗುತ್ತಿತ್ತು. ಆದರೆ ಅದರ ಮಾಲ್ಟಿನಲ್ಲಿ ಕಿಣ್ವಗಳೂ ಹೇರಳ. ಮೆಕ್ಕೆಜೋಳ, ಅಕ್ಕಿ ಬೆರೆಸಿ ಪ್ರೋಟೀನನ್ನು ತೆಳುವಾಗಿಸಬಹುದು, ಆ ಧಾನ್ಯಗಳ ಪಿಷ್ಟವನ್ನು ಕರಗಿಸಲು ಬಾರ್ಲಿಯ ಕಿಣ್ವ ಸಾಕಾಗಿ ಮಿಗುತ್ತದೆ ಎಂದು ಬೊಹೀಮಿಯಾದಿಂದ ಬಂದ ಆಂಟನ್ ಶ್ವಾರ್ಟ್ಸ್ 1860ರ ದಶಕದ ಕೊನೆಯಿಂದ ಬರೆಯತೊಡಗಿದ. 1876ರಲ್ಲಿ ಬಂದ ಬಡ್‌ವೈಸರ್‌ನಲ್ಲಿ ಅಕ್ಕಿ ಸೇರಿತು. ಅಕ್ಕಿ ಅಗ್ಗವೆಂದು ಹಾಕಿದ್ದಾರೆ ಎಂಬ ಮಾತು ಇಂದಿಗೂ ಇದೆ. ಆದರೆ ಇಲ್ಲಿ ಅದಲುಬದಲಿನ ಹಿಂದೆ ಕಿಣ್ವದ ಬಲ ಎಷ್ಟು ಎಂಬ ಎರಡನೆಯ ಅಳತೆ ಇತ್ತು. ಇಂಗ್ಲಿಷ್ ಕಾಯಿದೆಯಲ್ಲಿ ಇಲ್ಲದ್ದೂ ಅದೇ, ಮುಂದೆ ಮನೆಯವರ ಪಟ್ಟಿಯಲ್ಲಿ ಕಾಣೆಯಾದದ್ದೂ ಅದೇ.

ಇನ್ನು ಪಾಕದ ಕಥೆ. ಅದು ಬಿಯರಿನ ಅಂಗಡಿಯಿಂದ ಬಂದದ್ದಲ್ಲ. ಕ್ಯಾಪ್ಟನ್ ಕುಕ್ 1772ರಲ್ಲಿ ಎರಡನೆಯ ಯಾನಕ್ಕೆ ಹೊರಟಾಗ ರೆಸಲ್ಯೂಷನ್ ಹಡಗಿನಲ್ಲಿ ಇಂಗಿಸಿದ ಮಾಲ್ಟ್ ರಸದ ಪೀಪಾಯಿಗಳಿದ್ದವು. ಮಾಲ್ಟಿನ ಸಿಹಿನೀರು ನಾವಿಕರ ಸ್ಕರ್ವಿ ರೋಗಕ್ಕೆ ಮದ್ದು ಎಂಬ ನಂಬಿಕೆ ಆಗ ಇತ್ತು. ಅದರಲ್ಲಿ ಸಿ ವಿಟಮಿನ್ ಇಲ್ಲದ್ದರಿಂದ ಮದ್ದೇನೂ ಆಗಲಿಲ್ಲ. 1773ರಲ್ಲಿ ನ್ಯೂಜಿಲೆಂಡಿನ ಡಸ್ಕಿ ಸೌಂಡ್ ಕೊಲ್ಲಿಯಲ್ಲಿ ಲಂಗರು ಹಾಕಿದ್ದಾಗ ಕುಕ್ ಅಲ್ಲಿನ ರಿಮು ಮರದ ಚಿಗುರನ್ನೂ ಮನೂಕಾ ಸೊಪ್ಪನ್ನೂ ಕುದಿಸಿ, ಈ ಪಾಕವನ್ನೂ ಕಬ್ಬಿನ ಕಾಕಂಬಿಯನ್ನೂ ಸೇರಿಸಿ ಬಿಯರ್ ಮಾಡಿಸಿದ. 240 ಗ್ಯಾಲನ್ ಬಿಯರಿಗೆ 10 ಗ್ಯಾಲನ್ ಕಾಕಂಬಿ ಸಾಕೆಂದು ಅವನೇ ಬರೆದಿಟ್ಟಿದ್ದಾನೆ. ಹಾಪ್ಸಿನ ಬದಲು ಕಾಡಿನ ಸೊಪ್ಪು, ಕಾಳಿನ ಬದಲು ಪಾಕ, ಪಾಕ ಸಾಲದ ಕಡೆ ಕಾಕಂಬಿ. ಪಾಕ ಬಳಸಿ ಬಿಯರ್ ಮಾಡಿದ ದಾಖಲೆಗಳಲ್ಲಿ ಇಷ್ಟು ಹಳೆಯದೂ ಇಷ್ಟು ವಿವರವಾದದ್ದೂ ಅಪರೂಪ. ಕುಕ್‌ನ ಕಾಲದ ಪಾಕ ತೆರೆದ ಕಡಾಯಿಯಲ್ಲಿ ಕುದ್ದದ್ದು. ಗಾಳಿ ಹೀರಿದ ಪಾತ್ರೆಯಲ್ಲಿ ಕಡಿಮೆ ಶಾಖಕ್ಕೇ ನೀರು ಇಂಗಿಸುವ ಉಪಾಯವನ್ನು ಎಡ್ವರ್ಡ್ ಚಾರ್ಲ್ಸ್ ಹೊವಾರ್ಡ್ 1813ರ ಹೊತ್ತಿಗೆ ಸಕ್ಕರೆ ಕಾರ್ಖಾನೆಗಾಗಿ ಕಂಡುಹಿಡಿದ ಮೇಲೆ, ಮಾಲ್ಟ್ ಪಾಕವನ್ನೂ ಸೀಯದಂತೆ ಮಾಡುವ ದಾರಿ ಸಿಕ್ಕಿತು. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಅದನ್ನು ಮಾರಿದವರು ಹೆಚ್ಚಾಗಿ ಔಷಧ ವ್ಯಾಪಾರಿಗಳು. ಮೀನೆಣ್ಣೆಯ ವಾಸನೆ ಮುಚ್ಚಲು ಮಕ್ಕಳಿಗೆ ಅದರೊಡನೆ ಮಾಲ್ಟ್ ಪಾಕ ಕೊಡುತ್ತಿದ್ದರು. ಔಷಧ ತಿಳಿದಿದ್ದ ಜೇಮ್ಸ್ ಹಾರ್ಲಿಕ್ 1873ರಲ್ಲಿ ತಮ್ಮ ವಿಲಿಯಂ ಜೊತೆ ಶಿಕಾಗೋದಲ್ಲಿ ಶಿಶು ಆಹಾರದ ವ್ಯಾಪಾರ ಶುರು ಮಾಡಿದ, 1883ರಲ್ಲಿ ಈ ಸೋದರರ ಹಾಲು ಸೇರಿದ ಮಾಲ್ಟ್ ಪುಡಿಗೆ ಪೇಟೆಂಟ್ ಸಿಕ್ಕಿತು. ನಮ್ಮ ಮನೆಗಳಲ್ಲಿ ಕಾಯಿಲೆಯವರಿಗೆ ಹಾರ್ಲಿಕ್ಸ್ ಕಲಸಿ ಕೊಡುವಾಗ ಬಿಯರಿನ ನೆನಪು ಯಾರಿಗೂ ಬರದಿದ್ದರೂ, ಬಾರ್ಲಿಯ ಪಿಷ್ಟ ಸಿಹಿಯಾಗುವ ಕ್ರಿಯೆ ಎರಡರಲ್ಲೂ ಒಂದೇ.

ಔಷಧದಂಗಡಿಯ ಈ ಸರಕು ಮನೆಯ ಬಿಯರಿಗೆ ಒದಗಿಬಂದದ್ದು ಒಂದು ನಿಷೇಧದಿಂದ. ಅಮೆರಿಕದಲ್ಲಿ 1920ರ ಜನವರಿ 17ರಿಂದ ಮದ್ಯ ಬಂದ್. ಬಿಯರ್ ಕಾರ್ಖಾನೆಗಳ ಹತ್ತಿರ ಮಾಲ್ಟ್ ಇತ್ತು, ಕಡಾಯಿ ಇತ್ತು, ಮಾರಾಟದ ಜಾಲ ಇತ್ತು. ಯೀಸ್ಟ್ ಬೀಳುವ ತನಕ ಸಿಹಿನೀರು ಮದ್ಯವಲ್ಲ. ದೊಡ್ಡ ದೊಡ್ಡ ಬ್ರಾಂಡುಗಳೇ ಮಾಲ್ಟ್ ಪಾಕದ ಡಬ್ಬಿಗಳನ್ನು ಹೊರತಂದವು. ಮೇಲೆ ಬ್ರೆಡ್ಡು ಬಿಸ್ಕತ್ತಿನ ಮಾತು, ಒಳಗೆ ಕೆಲವದರಲ್ಲಿ ಹಾಪ್ಸ್ ಕೂಡ ಬೆರೆತ ಪಾಕ. ಹಾಪ್ಸಿನ ಕಹಿ ಬೆರೆತ ಬಿಸ್ಕತ್ತನ್ನು ಯಾರು ತಿನ್ನುತ್ತಾರೆ ಎಂದು ಯಾರೂ ಕೇಳಲಿಲ್ಲ, ಕೇಳಬೇಕಾದವರಿಗೂ ಉತ್ತರ ಗೊತ್ತಿತ್ತು. ಮೂರು ಪೌಂಡಿನ ಒಂದು ಡಬ್ಬಿ, ಅದರ ಜೊತೆ ಧಾರಾಳವಾಗಿ ಸಕ್ಕರೆ, ಐದು ಗ್ಯಾಲನ್ ನೀರು, ಬ್ರೆಡ್ಡಿಗೆ ಹಾಕುವ ಯೀಸ್ಟ್, ಇದೇ ಆ ಕಾಲದ ಅಡುಗೆಮನೆಯ ಬಿಯರು. ಸಕ್ಕರೆ ಎರಡು ಪೌಂಡ್ ಎಂದಿಟ್ಟುಕೊಂಡರೂ ಹುದುಗುವ ಸಿಹಿಯಲ್ಲಿ ಹತ್ತಿರಹತ್ತಿರ ಅರ್ಧ ಸಕ್ಕರೆಯದಾಯಿತು. ಸಾಂದ್ರತೆಯ ಲೆಕ್ಕದಲ್ಲಿ ಇದು ಮರ್ಯಾದಸ್ಥ ಬಿಯರೇ, ಕಡ್ಡಿ ಮುಳುಗಿಸಿದರೆ ಅಂಕಿ ಸರಿಯಾಗಿಯೇ ಬರುತ್ತದೆ. ಆದರೆ ಸಕ್ಕರೆಯಲ್ಲಿ ಯೀಸ್ಟಿನ ಪೋಷಣೆಗೆ ಏನೂ ಇಲ್ಲ, ಅದು ಪೂರ್ತಿ ಹುದುಗಿ ಮದ್ಯವಾಗಿ ಬಾಯಿಗೆ ತೆಳುವಾಗಿ ಹೋಗುತ್ತದೆ. ಪಾಕದ ಬಿಯರು ಎಂದರೆ ಕಳಪೆ ಎಂಬ ಹೆಸರು ಹುಟ್ಟಿದ್ದು ಇಂಥ ಹೂಜಿಗಳಲ್ಲಿ, ಆ ಹೆಸರು ಅನ್ಯಾಯದ್ದು. ಕೆಡಿಸಿದ್ದು ಸಕ್ಕರೆಯ ಪ್ರಮಾಣ, ಬ್ರೆಡ್ಡಿನ ಯೀಸ್ಟ್ ಮತ್ತು ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂತು ಬಣ್ಣಗಟ್ಟಿದ ಡಬ್ಬಿ. ಪಾಕ ಹೊಸದಾಗಿದ್ದು, ಸಕ್ಕರೆ ಬಿಟ್ಟು, ಬಿಯರಿನದೇ ಯೀಸ್ಟ್ ಹಾಕಿದ್ದರೆ ಕಥೆ ಬೇರೆಯಾಗುತ್ತಿತ್ತು.

1933ರಲ್ಲಿ ನಿಷೇಧ ಹೋಯಿತು, ಮನೆಯ ಬಿಯರಿನ ನಿಷೇಧ ಮಾತ್ರ ಹೋಗಲಿಲ್ಲ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾಯಿದೆ ಮರುವರ್ಷ ಜಾರಿಯಾಗಿ, ವಯಸ್ಕನೊಬ್ಬನಿಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್ ಸುಂಕವಿಲ್ಲದೆ ಮಾಡಿಕೊಳ್ಳಲು ಬಿಟ್ಟಿತು. ಬ್ರಿಟನ್ನಿನಲ್ಲಿ ಮನೆಯ ಬಿಯರಿಗೆ 1880ರಿಂದ ಲೈಸೆನ್ಸ್ ಬೇಕಿತ್ತು. ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ 1963ರ ಬಜೆಟ್ಟಿನಲ್ಲಿ ಅದನ್ನು ತೆಗೆದ. ಆಮೇಲೆ ಅಲ್ಲಿ ಪಾಕದ ಡಬ್ಬಿಯಿಂದ ಮಾಡುವ ಬಿಯರಿನ ಸುಗ್ಗಿ. ಮಾರಿದ್ದು ಮತ್ತೆ ಔಷಧದಂಗಡಿಗಳು, ಡಬ್ಬಿಯ ಮೇಲಿನ ಸೂಚನೆ ಮತ್ತೆ ಒಂದು ಕಿಲೋ ಸಕ್ಕರೆ ಸೇರಿಸಲು ಹೇಳಿತು. ಸುಂಕ ಹೋದರೂ ಸುಂಕದ ಲೆಕ್ಕ ಉಳಿಯಿತು. ಡೇವ್ ಲೈನ್ ಎಂಬ ಬರಹಗಾರ 1974ರಲ್ಲಿ ಕಾಳಿನಿಂದಲೇ ಮನೆಯಲ್ಲಿ ಬಿಯರ್ ಮಾಡುವ ಕ್ರಮವನ್ನು ಪುಸ್ತಕ ಮಾಡಿ, 1978ರಲ್ಲಿ ಪೇಟೆಯ ಬಿಯರುಗಳನ್ನು ಮನೆಯಲ್ಲಿ ಅನುಕರಿಸುವ ಪಾಕವಿಧಾನಗಳ ಇನ್ನೊಂದು ಪುಸ್ತಕ ತಂದ. ಕಾಳಿನ ವಿಧಾನವನ್ನು ಪಾಕಕ್ಕೆ, ಪಾಕದ್ದನ್ನು ಕಾಳಿಗೆ ಹೊಂದಿಸುವ ಪ್ರಶ್ನೆ ಸಾವಿರಾರು ಅಡುಗೆಮನೆಗಳಲ್ಲಿ ನಿಜವಾಗಿ ಎದ್ದದ್ದು ಇಂಥ ಪುಸ್ತಕಗಳು ಬಂದ ಮೇಲೆ.

ಅಲ್ಲಿ ಪಟ್ಟಿ ಕೈಕೊಡುವ ಜಾಗ ಸ್ಪಷ್ಟವಾಯಿತು. ಮಾಮೂಲಿ ಮಾಲ್ಟಿಗೆ ಪಾಕ ಬದಲಿ, ಸರಿ. ವಿಧಾನದಲ್ಲಿ ಅರ್ಧ ಕಿಲೋ ಓಟ್ಸ್ ಅವಲಕ್ಕಿಯೋ ಮ್ಯೂನಿಕ್ ಮಾಲ್ಟೋ ಇದ್ದರೆ? ಪಾಕದ ಜೊತೆ ಅದನ್ನು ಸುಮ್ಮನೆ ಬಿಸಿನೀರಿನಲ್ಲಿ ನೆನೆಸಿದರೆ ಸಾಕೆಂದುಕೊಂಡವರಿಗೆ ಗಂಜಿಯಂಥ ಮಬ್ಬು ಸಿಕ್ಕಿತು. ಪಿಷ್ಟವನ್ನು ಸಿಹಿಯಾಗಿಸುವುದು ಕಿಣ್ವ. 1833ರಲ್ಲಿ ಪಾರಿಸ್ಸಿನ ಪಯೆನ್ ಮತ್ತು ಪೆರ್ಸೋ ಮಾಲ್ಟಿನಿಂದ ಬೇರ್ಪಡಿಸಿದ ಡಯಾಸ್ಟೇಸ್ ಅದೇ. ಸಾಮಾನ್ಯ ಡಬ್ಬಿಯ ಪಾಕದಲ್ಲಿ ಕುದಿತದಿಂದ ಅದು ಸತ್ತಿರುತ್ತದೆ. ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ರಾಗಿ ಮೊಳಕೆ ಕಟ್ಟಿ ನೆರಳಲ್ಲಿ ಒಣಗಿಸಿ ಬೀಸಿದ ಹಿಟ್ಟಿನ ಗಂಜಿ ಹದವಾದ ಬಿಸಿಯಲ್ಲಿ ಇಟ್ಟಷ್ಟೂ ನೀರಾಗುತ್ತದೆ, ಅದೇ ರಾಗಿಯನ್ನು ಅರಳಿಸಿ ಮಾಡಿದ ಹುರಿಹಿಟ್ಟು ಎಷ್ಟು ಹೊತ್ತು ಇಟ್ಟರೂ ಹಾಗೆ ನೀರಾಗುವುದಿಲ್ಲ. ಹುರಿದ ಕಪ್ಪು ಮಾಲ್ಟ್, ಒದ್ದೆಯಿದ್ದಾಗಲೇ ಕಾಯಿಸಿ ಒಳಗೇ ಸಿಹಿಯಾದ ಕ್ರಿಸ್ಟಲ್ ಮಾಲ್ಟ್, ಇವುಗಳನ್ನು ನೆನೆಸಿ ಹಿಂಡಿದರೆ ಸಾಕು. ಮ್ಯೂನಿಕ್ ಮಾಲ್ಟಿಗೆ ತನ್ನದೇ ಕಿಣ್ವವಿದ್ದರೂ ಸುಮಾರು 65 ಡಿಗ್ರಿಯಲ್ಲಿ ಹದ ಕಾಯ್ದು ಇಡಬೇಕು. ಓಟ್ಸಿಗೆ ತನ್ನದೆಂಬುದೇ ಇಲ್ಲ, ಜೊತೆಗೆ ಒಂದಿಷ್ಟು ಮಾಮೂಲಿ ಮಾಲ್ಟ್ ಬೇಕೇ ಬೇಕು. ತೂಕದ ಪಟ್ಟಿ ಈ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ.

ಪಟ್ಟಿ ಕೆಲಸಕ್ಕೆ ಬರುತ್ತದಲ್ಲ, ಅದರ ಜಾತಕ ಕಟ್ಟಿಕೊಂಡು ಏನಾಗಬೇಕು ಎನ್ನುವವರಿದ್ದಾರೆ. ಜಾತಕ ಗೊತ್ತಿದ್ದರೆ ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದೂ ಗೊತ್ತಾಗುತ್ತದೆ. ಸಾಂದ್ರತೆಗೆ ಅದು ಭರವಸೆಯ ಅಳತೆ, ಆ ಮಟ್ಟಿಗೆ ಅಬಕಾರಿ ಇಲಾಖೆಯ ಕೆಲಸ ಅಚ್ಚುಕಟ್ಟು. ಅದು ಹೇಳದ್ದು ಇನ್ನೂ ಒಂದಿದೆ. ಕಾಳು ನೆನೆಯುವ ನೀರು 63 ಡಿಗ್ರಿಯ ಆಸುಪಾಸು ಇದ್ದರೆ ಹೆಚ್ಚು ಹುದುಗುವ ತೆಳು ಬಿಯರು, 69ರ ಹತ್ತಿರ ಇದ್ದರೆ ಕಡಿಮೆ ಹುದುಗುವ ಮಂದ ಬಿಯರು, ಕಡ್ಡಿಗೆ ಎರಡೂ ಸಿಹಿನೀರು ಒಂದೇ. ಡಬ್ಬಿ ಕೊಳ್ಳುವವನ ಪರವಾಗಿ ಆ ತೀರ್ಮಾನವನ್ನು ಕಾರ್ಖಾನೆಯವರು ಮೊದಲೇ ತೆಗೆದುಕೊಂಡಿರುತ್ತಾರೆ. ಮಂದ ಬಿಯರಿನ ವಿಧಾನವನ್ನು ಪಾಕಕ್ಕೆ ಇಳಿಸುವವನು ತೂಕ ಸರಿಯಿಟ್ಟರೂ ಒಂದು ಹಿಡಿ ಕ್ರಿಸ್ಟಲ್ ಮಾಲ್ಟ್ ಹೆಚ್ಚು ಹಾಕಬೇಕಾಗಬಹುದು. ಗಾಢ ಬಣ್ಣದ ಡಬ್ಬಿಯಲ್ಲಿ ಯಾವ ಯಾವ ಕಾಳು ಎಷ್ಟೆಷ್ಟು ಸೇರಿದೆ ಎಂದು ಹೊರಗೆ ಬರೆದಿರದಿದ್ದರೆ, ತೆಳುಬಣ್ಣದ ಪಾಕವನ್ನೇ ಕೊಂಡು ಬಣ್ಣಕ್ಕೆ ಬೇಕಾದ ಮಾಲ್ಟನ್ನು ಬೇರೆಯಾಗಿ ನೆನೆಸಿ ಹಾಕುವುದು ಮೇಲು. ಪಟ್ಟಿಯ ಈ ಮಿತಿ ನಮ್ಮ ರಾಗಿಯಲ್ಲೂ ಕಾಣುತ್ತದೆ. ಬೆಂಗಳೂರಿನ ಕೆಲವು ಬ್ರೂಪಬ್ಬುಗಳಲ್ಲಿ ಬಾರ್ಲಿಯ ಜೊತೆ ರಾಗಿ ಬೆರೆಸಿದ್ದುಂಟು. 1965ರ ಕರ್ನಾಟಕ ಅಬಕಾರಿ ಕಾಯಿದೆಯಡಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಆ ಪ್ರಯೋಗ ಮಾಡುವಂತಿಲ್ಲ. ರಾಗಿಯ ಪಿಷ್ಟ ಬೇಯಲು ಬಾರ್ಲಿಯದಕ್ಕಿಂತ ಹೆಚ್ಚು ಶಾಖ ಬೇಕು, ಬಸಿಯುವಾಗ ಜರಡಿಯಂತೆ ನಿಲ್ಲಲು ಆ ಸಣ್ಣ ಕಾಳಿನಲ್ಲಿ ಬಾರ್ಲಿಯಂಥ ಹೊಟ್ಟಿಲ್ಲ. ಹಾಗಾಗಿ ರಾಗಿಯನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿಕೊಂಡು, ಬಾರ್ಲಿ ಮಾಲ್ಟಿನ ಕಿಣ್ವವನ್ನೂ ಹೊಟ್ಟನ್ನೂ ಎರವಲು ಪಡೆಯಬೇಕಾಗುತ್ತದೆ, ಕಾರ್ಖಾನೆಗಳಲ್ಲಿ ಅಕ್ಕಿಗೂ ಮೆಕ್ಕೆಜೋಳಕ್ಕೂ ಮಾಡುವ ಹಾಗೆ.